ಹೇಸದ ಕೈ

ಚಹಾದಲ್ಲಿ ನೊಣ ಬಿದ್ದಿತ್ತು. ಇನ್ನೂ ಸತ್ತಿರಲಿಲ್ಲ, ಕೆನೆಯ ಮೇಲೆ ಕಾಲು ಬಡಿಯುತ್ತಿತ್ತು. ನಾನು ಬೇರೆ ಚಹಾ ತರಿಸುತ್ತೇನೆ ಎನ್ನುವಷ್ಟರಲ್ಲಿ ರಾಯರು ತೋರುಬೆರಳು ಇಳಿಸಿ ಅದನ್ನು ಎತ್ತಿದರು, ಬೆರಳನ್ನು ನನ್ನ ಉತ್ತರಪತ್ರಿಕೆಯ ಅಂಚಿಗೆ ಒರೆಸಿದರು, ಉಳಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದರು.

"ಹಾಂ, ಮುಂದಿನದ್ದು ಕೇಳಿ," ಎಂದರು.

ಕಾಗದದ ಮೇಲೆ ಒಂದು ರೆಕ್ಕೆ ಅಂಟಿಕೊಂಡಿತ್ತು. ನನ್ನ ನಾಲಿಗೆಯ ಬುಡದಲ್ಲಿ ಹುಳಿ ನೀರು ಬಂತು. ಅದನ್ನು ನುಂಗಿಕೊಂಡು ಮುಂದಿನದ್ದು ಕೇಳಿದೆ.

ಅದು ಜನವರಿಯ ಉತ್ತರಾಯಣದ ಹಬ್ಬ ಮುಗಿದು ಹರಿದ ಗಾಳಿಪಟಗಳು ಇನ್ನೂ ತಂತಿಗಳಲ್ಲಿ ನೇತಾಡುತ್ತಿದ್ದ ವಾರ. ಅಹಮದಾಬಾದಿನ ಆಸ್ಪತ್ರೆಯೊಂದರ ನರರೋಗ ವಿಭಾಗದಲ್ಲಿ ನನ್ನ ಕೆಲಸ. ಮಿದುಳಿಗೆ ಏನೋ ಆಗಿದೆ ಎಂಬ ಸಂಶಯದ ಮೇಲೆ ಬಂದವರ ಗಮನ, ನೆನಪು, ವಿಚಾರಶಕ್ತಿಗಳನ್ನು ಅಳೆದು ವರದಿ ಬರೆಯಬೇಕು. ಇಡೀ ವಿಭಾಗದಲ್ಲಿ ಕನ್ನಡದಲ್ಲಿ ಪರೀಕ್ಷೆ ಮಾಡಬಲ್ಲವಳು ನಾನೊಬ್ಬಳೇ ಆದ್ದರಿಂದ ರಾಯರು ನನ್ನ ಪಾಲಿಗೆ ಬಂದರು. ಉಡುಪಿ ಕಡೆಯವರು, ಅರವತ್ತರ ಹತ್ತಿರದ ವಯಸ್ಸು, ವಡೋದರಾದಲ್ಲಿ ಸ್ವಂತ ಹೋಟೆಲು. ಹೆಂಡತಿ ಜೊತೆಗಿದ್ದರು. ಪರೀಕ್ಷೆ ಮಾಡಿಸಲೇಬೇಕೆಂದು ಹಟ ಹಿಡಿದವನು ರಾಯರ ತಮ್ಮ. ಅವನು ಸೂರತ್ತಿನ ಹಜೀರಾದಲ್ಲಿ ಕಂಪನಿ ಕಾಲನಿಯೊಂದರ ಕ್ಯಾಂಟೀನು ನಡೆಸುತ್ತಾನೆ. ಅಣ್ಣನ ಹೋಟೆಲಿನಲ್ಲೂ ಪಾಲುದಾರ.

"ನಾನು ಅಣ್ಣನಿಗೆ ಹುಚ್ಚು ಅಂತ ಹೇಳ್ಲಿಲ್ಲ," ಎಂದ ತಮ್ಮ. "ತಲೆ ಸರಿ ಉಂಟು ಅಂತ ಡಾಕ್ಟ್ರು ಬರೆದು ಕೊಡ್ಲಿ, ನಾನು ಬಾಯಿ ಮುಚ್ತೇನೆ. ಇಲ್ಲದಿದ್ರೆ ಅಣ್ಣ ಅಡಿಗೆಮನೆಗೆ ಕಾಲಿಡುದು ಬೇಡ."

"ಅಡಿಗೆಮನೆ ಇವರದ್ದು," ಎಂದರು ರಾಯರ ಹೆಂಡತಿ. "ನೀನು ಹಾಫ್ ಪ್ಯಾಂಟ್ ಹಾಕ್ಕೊಂಡು ಮೂಗು ಸುರಿಸ್ತಾ ಬಂದಾಗ ಸೌಟು ಹಿಡಿಯುದು ಹೇಳಿಕೊಟ್ಟವರು ಇವರು."

"ಅದನ್ನೇ ಹೇಳುದು ಅತ್ತಿಗೆ. ಹೇಳಿಕೊಟ್ಟವನೇ ಈಗ ಸೌಟು ನೆಕ್ತಾನೆ."

ಸೌಟು ನೆಕ್ಕಿದರೆ ಏನಾಯಿತು ಎಂದು ಕೇಳಿದೆ. ಅವರು ನನಗೆ ಹಿನ್ನೆಲೆ ಹೇಳಿದರು. ಆ ಹೋಟೆಲಿನಲ್ಲಿ ರುಚಿ ನೋಡಲು ಒಂದು ಕ್ರಮವಿತ್ತು. ಸೌಟಿನಿಂದ ಒಂದು ಹನಿಯನ್ನು ಮೇಲಿನಿಂದ ಅಂಗೈಗೆ ಬಿಟ್ಟುಕೊಂಡು, ಅಂಗೈಯಿಂದ ನಾಲಿಗೆಗೆ ಮುಟ್ಟಿಸಿ, ಕೈ ತೊಳೆದೇ ಮತ್ತೆ ಒಲೆಯ ಹತ್ತಿರ ಬರಬೇಕು. ಸೌಟಿಗೆ ತುಟಿ ತಾಗಿಸಿದ ಹಳೆಯ ಅಡಿಗೆಯವನೊಬ್ಬನನ್ನು ರಾಯರು ಅದೇ ಗಳಿಗೆಯಲ್ಲಿ ಮನೆಗೆ ಕಳಿಸಿ, ಇಡೀ ಕೊಪ್ಪರಿಗೆ ಸಾಂಬಾರನ್ನು ಚರಂಡಿಗೆ ಚೆಲ್ಲಿಸಿದ್ದರಂತೆ. ಎಂಜಲೆಂದರೆ ಅವರಿಗೆ ಬೆಂಕಿ.

ಹೆಂಡತಿಯನ್ನು ಬೇರೆಯಾಗಿ ಕೂರಿಸಿ ಮಾತಾಡಿಸಿದೆ. ಮನೆಯವರಿಂದ ಒಬ್ಬೊಬ್ಬರಾಗಿ ಹೇಳಿಕೆ ಪಡೆಯುವುದು ನಮ್ಮ ಕ್ರಮ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು: "ಮೇಡಂ, ಇವರಿಗೆ ಎಂತದೂ ಆಗ್ಲಿಲ್ಲ. ವಯಸ್ಸಾಯ್ತು, ಅಷ್ಟೆ. ನನ್ಗೆ ಹೊಟ್ಟೆಯ ಆಪರೇಶನ್ ಆಯ್ತಲ್ಲ, ಆಮೇಲೆ ಕೀಮೋ. ತಿಂದದ್ದೆಲ್ಲ ವಾಂತಿ. ನನ್ನ ಅಕ್ಕನೇ ಮೂಗಿಗೆ ಸೆರಗು ಇಟ್ಕೊಂಡು ಆಚೆ ಹೋದ್ಲು. ಇವರು ಬರಿಗೈಯಲ್ಲಿ ಬಾಚಿದವರು. ಒಂದು ದಿನ ಮೂಗು ಮುರೀಲಿಲ್ಲ. ಎಂಜಲು ಅಂದ್ರೆ ಕುಣಿಯುವ ಮನುಷ್ಯ! ಮದುವೆಯಾಗಿ ಇಷ್ಟು ವರ್ಷ ಒಂದು ಒಳ್ಳೆ ಮಾತು ಆಡಿದವರಲ್ಲ ಮೇಡಂ. ಆದ್ರೆ ಆ ಆರು ತಿಂಗಳು ಸಾಕು ನನ್ಗೆ. ಅಂಥವರ ತಲೆ ಕೆಟ್ಟಿದೆ ಅಂತ ಬರೀತೀರಾ ನೀವು?"

ಆ ಮಾತನ್ನು ಇದ್ದಂತೆಯೇ ಬರೆದುಕೊಂಡೆ.

ಪರೀಕ್ಷೆಗಳಲ್ಲಿ ರಾಯರು ನನ್ನನ್ನು ಸೋಲಿಸಿದರು. ಹದಿನೈದು ಪದಗಳ ಪಟ್ಟಿ ಓದಿ, ಅರ್ಧ ಗಂಟೆ ಬೇರೆ ಕೆಲಸ ಕೊಟ್ಟು, ಮತ್ತೆ ಕೇಳಿದೆ. ಹದಿನೈದೂ ಬಂದವು. "ಗರಗಸ ಅನ್ನುವಾಗ ನಿಮ್ಗೆ ಕೆಮ್ಮು ಬಂತು," ಎಂದೂ ಸೇರಿಸಿದರು. ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದರಲ್ಲಿ ನನ್ನ ಗೆಳತಿಯರಿಗಿಂತ ಚುರುಕು. 'ಕ' ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷ ಹೇಳಿ ಎಂದಾಗ ಕಡಾಯಿ, ಕೊತ್ತಂಬರಿ, ಕರಿಬೇವು, ಕಾವಲಿ ಎಂದು ಅಡಿಗೆಮನೆಯನ್ನೆಲ್ಲ ಸುರಿದು, ನಡುವೆ ಒಂದು ಹಸಿ ಬೈಗುಳವನ್ನೂ ಗಟ್ಟಿಯಾಗಿ ಹೇಳಿ ನನ್ನ ಮುಖ ನೋಡಿ ನಕ್ಕರು. ನಿಯಮದ ಪ್ರಕಾರ ಅದಕ್ಕೂ ಒಂದು ಅಂಕ ಕೊಟ್ಟೆ. ಬಣ್ಣದ ಕಾರ್ಡುಗಳನ್ನು ಜೋಡಿಸುವ ಪರೀಕ್ಷೆಯಲ್ಲಿ ಒಂದೆರಡು ಕಡೆ ಹಟ ಹಿಡಿದರು. ಅಷ್ಟು ಹಟ ಅವರ ವಯಸ್ಸಿನ ಯಾವ ಹೋಟೆಲ್ ಯಜಮಾನರಿಗಾದರೂ ಇದ್ದೇ ಇರುತ್ತದೆ.

ಕೊನೆಯಲ್ಲಿ ಮುಖಗಳ ಚಿತ್ರಗಳು. ಒಬ್ಬನೇ ಮನುಷ್ಯ ಆರು ಭಾವಗಳಲ್ಲಿ. ಸಿಟ್ಟು, ಸಂತೋಷ, ದುಃಖ, ಹೆದರಿಕೆ, ಆಶ್ಚರ್ಯ, ಒಂದೂ ತಪ್ಪಲಿಲ್ಲ. ಆರನೆಯದು ಹೇಸಿಗೆ: ಮೂಗು ಸುಕ್ಕುಗಟ್ಟಿದೆ, ಮೇಲ್ದುಟಿ ಎದ್ದಿದೆ, ಕಣ್ಣು ಕಿರಿದಾಗಿದೆ. ರಾಯರು ಚಿತ್ರವನ್ನು ದೂರ ಹಿಡಿದರು, ಹತ್ತಿರ ತಂದರು.

"ಇವನಿಗೆ ಬಿಸಿಲು ಹೊಡೀತಾ ಉಂಟು," ಎಂದರು.

ಅದೇ ಭಾವದ ಬೇರೆಯವರ ಮುಖ ಕೊಟ್ಟೆ. "ಸೀನು ಬರ್ತಾ ಉಂಟು." ಮೂರನೆಯದು. "ಇವಳು ಕನ್ನಡಕ ಮರೆತಿದ್ದಾಳೆ."

ನಮ್ಮ ಹಿರಿಯ ನರರೋಗ ತಜ್ಞರು ನನ್ನ ಕರಡು ವರದಿಯನ್ನು ನಿಂತುಕೊಂಡೇ ಓದಿದರು. ಅವರು ಇಲ್ಲಿಯವರೇ, ನನ್ನೊಂದಿಗೆ ಹಿಂದಿಯಲ್ಲಿ ಮಾತಾಡುತ್ತಾರೆ. "ನೆನಪು ಪೂರ್ತಿ, ಗಮನ ಪೂರ್ತಿ, ಸ್ಕ್ಯಾನ್ ವಯಸ್ಸಿಗೆ ತಕ್ಕಂತೆ. ಮೂರು ಫೋಟೋ ತಪ್ಪಿದ್ದಕ್ಕೆ ಏನು ಹೇಳೋಣ ಬೇಟಾ? ಮುದುಕರು ಗಲೀಜಾಗುತ್ತಾರೆ. ನಮ್ಮ ಕಾಕಾ ಮೂಗಿನಲ್ಲಿ ಬೆರಳಿಟ್ಟುಕೊಂಡೇ ಊಂಧಿಯು ತಿನ್ನುತ್ತಾರೆ."

"ನೊಣ, ಸರ್?"

"ನೊಣಕ್ಕೆ ನಿನ್ನ ಫಾರ್ಮಿನಲ್ಲಿ ಕಾಲಂ ಇದೆಯೇ?"

ಇರಲಿಲ್ಲ. ಗುರುವಾರದೊಳಗೆ ವರದಿ ಮುಗಿಸಿ, ಕೇಳಿದ ಪ್ರಮಾಣಪತ್ರ ಕೊಟ್ಟುಬಿಡಬೇಕಿತ್ತು. ಬೋಡಕ್‌ದೇವ್‌ನ ನನ್ನ ಬಾಡಿಗೆ ಕೋಣೆಯಲ್ಲಿ ಡೈರಿಯ ಆ ದಿನದ ಪುಟಕ್ಕೆ ಎರಡೇ ಸಾಲು ಬರೆದೆ: ಎಲ್ಲ ಅಂಕಗಳೂ ಸರಿ. ಚಹಾ ಕುಡಿಯಲು ಆಗುತ್ತಿಲ್ಲ.

ನನ್ನ ಮೇಜಿನ ಮೇಲಿನ ಪರೀಕ್ಷೆಗಳಲ್ಲಿ ಎಂಜಲಿಲ್ಲ, ವಾಸನೆಯಿಲ್ಲ. ಅವರ ರೋಗವೇನಾದರೂ ಇದ್ದರೆ ಅದು ಇರುವ ಜಾಗದಲ್ಲಿ ಅದನ್ನು ಹುಡುಕಬೇಕು. ತಜ್ಞರಿಂದ ಇನ್ನೊಂದು ವಾರದ ಗಡುವು ಕೇಳಿದೆ. ರಾಯರ ಹೆಂಡತಿಗೆ ಫೋನು ಮಾಡಿ, ಅಡಿಗೆಮನೆಯಲ್ಲಿ ಒಂದು ಬೆಳಿಗ್ಗೆ ನಿಂತು ನೋಡಬಹುದೇ ಎಂದೆ. ಆಕೆ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ರಾಯರ ಧ್ವನಿ ಕೇಳಿಸಿತು: "ಯಾರು, ಪದ ಕೇಳುವ ಹುಡುಗಿಯಾ? ಬರ್ಲಿ. ಮಸಾಲೆ ದೋಸೆ ತಿನ್ಲಿ."

ಭಾನುವಾರದ ಬೆಳಗಿನ ರೈಲಿಗೆ ವಡೋದರಾಕ್ಕೆ ಹೋದೆ. ಹೋಟೆಲಿನ ಮುಂಭಾಗ ಗಾಜಿನಂತೆ ಹೊಳೆಯುತ್ತಿತ್ತು. ಹಿಂದೆ ಅಡಿಗೆಮನೆಯ ಗೋಡೆಗೆ ಒರಗಿ ನಿಂತೆ. ಹಜೀರಾದಿಂದ ತಮ್ಮನೂ ಬಂದಿದ್ದ, ಬಾಗಿಲ ಚೌಕಟ್ಟು ಬಿಟ್ಟು ಒಳಗೆ ಬರಲಿಲ್ಲ.

ಪಳಗಿದ ಕೈಯ ಕೆಲಸ ಹೇಗಿರುತ್ತದೆಂದು ರಾಯರನ್ನು ನೋಡಿ ತಿಳಿಯಬೇಕು. ಕಾವಲಿಗೆ ನೀರು ಚಿಮುಕಿಸಿ ಶಬ್ದದಲ್ಲೇ ಬಿಸಿ ಅಳೆಯುತ್ತಿದ್ದರು. ನಾಲ್ಕು ಮೇಜುಗಳ ಆರ್ಡರು ಒಟ್ಟಿಗೆ ಬಂದರೂ ಒಂದನ್ನೂ ತಪ್ಪಿಸಲಿಲ್ಲ. ಆಮೇಲೆ ಸಾಂಬಾರಿನ ಸೌಟನ್ನು ಎತ್ತಿ ಬಾಯಿಗಿಟ್ಟು ಎಳೆದು ಚೀಪಿದರು. ಮೀಸೆಗೆ ಅಂಟಿದ ಬೇಳೆಯನ್ನು ನಾಲಿಗೆಯಿಂದ ತೆಗೆದರು, ಸೌಟನ್ನು ಮತ್ತೆ ಕೊಪ್ಪರಿಗೆಗೆ ಬಿಟ್ಟರು. ನಾನು ಗೆರೆ ಹಾಕಿ ಎಣಿಸತೊಡಗಿದೆ. ಆರನೆಯ ಗೆರೆಯ ನಂತರ ನಿಲ್ಲಿಸಿದೆ, ಅಂಕಿಯಿಂದ ಇನ್ನೇನೂ ತಿಳಿಯುವುದಿರಲಿಲ್ಲ.

ದೋಸೆಹಿಟ್ಟಿನಲ್ಲಿ ಜಿರಳೆಯೊಂದು ಮುಳುಗೇಳುತ್ತಿತ್ತು. ಅದರ ಮೀಸೆ ಹಿಡಿದು ಎತ್ತಿ ನೆಲಕ್ಕೆಸೆದು, ಅದೇ ಕೈಯಿಂದ ಹಿಟ್ಟು ಕದಡಿದರು. ಹಿಂದಿನ ದಿನದ ಕಾಯಿಚಟ್ನಿಯ ಪಾತ್ರೆಯ ಮುಚ್ಚಳ ತೆಗೆದಾಗ ವಾಸನೆ ನನ್ನವರೆಗೆ ನಡೆದು ಬಂತು. ಮೇಲೆಲ್ಲ ಸಣ್ಣ ಗುಳ್ಳೆ. ಸೌಟು ಎತ್ತಿದರೆ ಚಟ್ನಿ ನೂಲಿನಂತೆ ಎಳೆಯುತ್ತಿತ್ತು. ಅದನ್ನು ಹೊಸ ಚಟ್ನಿಗೆ ಸುರಿದರು.

"ಅದು ಕೆಟ್ಟಿದೆ ಅನ್ನಿಸುತ್ತಾ ರಾಯರೇ?" ಎಂದು ಕೇಳಿದೆ.

"ಅನ್ನಿಸುದೆಂತದು, ಕೆಟ್ಟಿದೆ. ನೂಲು ಎಳೀತಾ ಉಂಟಲ್ಲ."

"ಮತ್ತೆ?"

"ಮತ್ತೆ ಎಂತ?" ನಿಜವಾಗಿಯೂ ಅರ್ಥವಾಗದವರಂತೆ ನನ್ನನ್ನೇ ನೋಡಿದರು. "ಸ್ವಲ್ಪ ಸಕ್ಕರೆ ಹಾಕಿದ್ರೆ ಗುಜರಾತಿಗಳಿಗೆ ಇನ್ನೂ ಇಷ್ಟ ಆಗ್ತದೆ."

ನಾನು ಹುಡುಕಿಕೊಂಡು ಬಂದದ್ದು 'ಮತ್ತೆ ಎಂತ' ಎಂಬ ಆ ಎರಡು ಪದ. ಕೆಟ್ಟಿದೆ ಎಂಬ ತಿಳಿವಳಿಕೆ ಅವರಲ್ಲಿ ಪೂರ್ತಿ ಇತ್ತು, ಹಿಂದೆ ಸರಿಯುವ ಮೈ ಇರಲಿಲ್ಲ. ನಮ್ಮ ಮಿದುಳಿನ ಪಕ್ಕದ ಮಡಿಕೆಯೊಳಗೆ ಇನ್ಸುಲಾ ಎಂಬ ಭಾಗ ಅಡಗಿದೆ. ನಾಲಿಗೆಯ ರುಚಿ, ಹೊಟ್ಟೆಯ ತೊಳಸು, ಗಂಟಲಿನ ಬಿಗಿತ ಎಲ್ಲದರ ಸುದ್ದಿ ಅಲ್ಲಿಗೆ ಹೋಗುತ್ತದೆ. ಹಣೆಯ ಹಿಂದಿನ ಭಾಗ ಆ ಸುದ್ದಿಯನ್ನು ಕೇಳಿಸಿಕೊಂಡು ಕೈಯನ್ನು ತಡೆಯುತ್ತದೆ. ನೆನಪಿನ ಕೋಣೆಗಳು ಬೇರೆ ಕಡೆ ಇವೆ. ಅವು ಭದ್ರವಾಗಿದ್ದು ಇದೊಂದೇ ಸವೆಯಬಹುದು. ಆಗ ಮನುಷ್ಯ ಹದಿನೈದು ಪದಗಳನ್ನೂ ಹೇಳುತ್ತಾನೆ, ನೊಣ ಬಿದ್ದ ಚಹಾವನ್ನೂ ಕುಡಿಯುತ್ತಾನೆ.

ರಾಯರು ಒಲೆಯತ್ತ ತಿರುಗಿದ್ದೇ ತಡ, ಹೆಂಡತಿ ಬಂದು ಆ ಚಟ್ನಿಯನ್ನೆಲ್ಲ ಮೋರಿಗೆ ಚೆಲ್ಲಿ, ತಾವೇ ರುಬ್ಬಿಟ್ಟಿದ್ದ ಬೇರೆ ಚಟ್ನಿಯನ್ನು ಅದೇ ಪಾತ್ರೆಗೆ ತುಂಬಿಸಿದರು. ಹಿಟ್ಟು ಬದಲಾಯಿತು. ಸಾಂಬಾರಿನ ಕೊಪ್ಪರಿಗೆಯನ್ನು ಇಬ್ಬರು ಕೆಲಸದ ಹುಡುಗಿಯರು ಹೊತ್ತೊಯ್ದು ಇನ್ನೊಂದನ್ನು ತಂದಿಟ್ಟರು. ದಿನಾ ನಡೆಯುವ ಕೆಲಸದಂತೆ ಎಲ್ಲವೂ ಸದ್ದಿಲ್ಲದೆ ಆಯಿತು. ಆಪರೇಶನ್ ಆದ ಹೊಟ್ಟೆಯ ಮೇಲೆ ಒಂದು ಕೈ ಒತ್ತಿಕೊಂಡು ಆಕೆ ಆ ನೊರೆಯ ಚಟ್ನಿಯನ್ನು ಬಗ್ಗಿಸುವುದನ್ನು ನೋಡಿದೆ. ಮುಖ ಪಕ್ಕಕ್ಕೆ ತಿರುಗಿತ್ತು, ಮೂಗು ಬಿಗಿದಿತ್ತು. ಹೋಟೆಲಿನ ಹೆಸರನ್ನು ಇಷ್ಟು ದಿನ ಉಳಿಸಿದ್ದು ಆ ಮೂಗು.

"ಪದ ಕೇಳುವವಳೇ, ಬಾ ತಿನ್ನು," ಎಂದರು ರಾಯರು. ಬಹುವಚನ ಹೋಗಿಬಿಟ್ಟಿತ್ತು. ತಾವು ಕಚ್ಚಿದ್ದ ವಡೆಯ ಉಳಿದರ್ಧವನ್ನು ನನ್ನ ಕೈಗಿಟ್ಟರು. ಹಲ್ಲಿನ ಗುರುತು, ಅದರ ಅಂಚಿನಲ್ಲಿ ಎಂಜಲಿನ ಒಂದು ಎಳೆ, ಬೆಚ್ಚಗೆ. ಪರೀಕ್ಷೆ ಮಾಡುವವರು ಮುಖ ಬದಲಿಸಬಾರದು ಎಂದು ನಮಗೆ ಕಲಿಸುತ್ತಾರೆ. ಮುಖ ಬದಲಿಸಲಿಲ್ಲ. ವಡೆಯನ್ನು ಹಿಡಿದುಕೊಂಡೇ ಹಿಂಬಾಗಿಲಿನಿಂದ ಹೊರಗೆ ನಡೆದು, ಅಂಗಳದ ನೀರಿನ ನಳ್ಳಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೆಳಗಿನಿಂದ ತಿಂದದ್ದನ್ನೆಲ್ಲ ಕಕ್ಕಿದೆ.

ಯಾರೋ ಚೊಂಬಿನಿಂದ ಕೈಗೆ ನೀರು ಹೊಯ್ದರು. ರಾಯರ ತಮ್ಮ.

"ಆಗ್ಲಿ, ಆಗ್ಲಿ, ಪೂರ್ತಿ ಆಗ್ಲಿ," ಎಂದ. "ನಾಚಿಕೆ ಬೇಡ ಮೇಡಂ. ಈ ನಳ್ಳಿಗೆ ಇದು ಹೊಸತಲ್ಲ."

ಇನ್ನೂ ಏನೋ ಹೇಳುವವನಿದ್ದ. ಬಾಗಿಲಲ್ಲಿ ಅತ್ತಿಗೆ ಕಾಣಿಸಿಕೊಂಡರು. ಅವನು ಚೊಂಬು ಇಟ್ಟು ಬೀಡಿ ಹುಡುಕತೊಡಗಿದ. ಆಕೆ ನನ್ನನ್ನೂ ನೆಲವನ್ನೂ ನೋಡಿದರು. "ನೋಡಿದ್ರಲ್ಲ," ಎಂದರು.

ನನ್ನ ಟಿಪ್ಪಣಿ ಓದಿದ ಮೇಲೆ ತಜ್ಞರು ಕಾಕಾನ ಮಾತೆತ್ತಲಿಲ್ಲ. ಇನ್ನಷ್ಟು ಸೂಕ್ಷ್ಮವಾದ ಸ್ಕ್ಯಾನ್ ಮಾಡಿಸಿ, ತಾವೇ ಕುಳಿತು ನೋಡಿದರು. ಮಿದುಳಿನ ಬಲಗಡೆ, ಹಣೆಯ ಹಿಂದೆಯೂ ಆ ಪಕ್ಕದ ಮಡಿಕೆಯಲ್ಲೂ ಅಂಗಾಂಶ ತೆಳುವಾಗಿತ್ತು. ಫ್ರಂಟೋಟೆಂಪೊರಲ್ ಡಿಮೆನ್ಶಿಯಾ. ನೆನಪನ್ನು ಉಳಿಸಿ, ಮೊದಲು ನಡತೆಯನ್ನು ತಿನ್ನುವ ಮಿದುಳಿನ ರೋಗ. ವಾಸಿಯಾಗುವುದಿಲ್ಲ.

ಫೆಬ್ರವರಿಯ ಎರಡನೆಯ ಮಂಗಳವಾರ ಮನೆಯವರನ್ನು ಕರೆಸಿದರು. ಹೆಂಡತಿ, ತಮ್ಮ, ರಾಯರು. ರಾಯರ ಕೈಯಲ್ಲಿ ಹುರಿದ ಕಡಲೆಯ ಪೊಟ್ಟಣ. ತಜ್ಞರು ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಅಡಿಗೆಮನೆ ಬಿಡಬೇಕು ಎಂದಾಗ ಆಕೆ ತಲೆಯಾಡಿಸಿದರು. "ಹೋಗ್ಲಿ ಅದು," ಎಂದಷ್ಟೇ ಕನ್ನಡದಲ್ಲಿ ನನಗೆ ಹೇಳಿದರು. ನಾಟಕ ಸಾಕಾಗಿತ್ತು ಅವರಿಗೂ. ತಮ್ಮ ಗೆದ್ದವನಂತೆ ಕಾಣಲಿಲ್ಲ.

ಆಮೇಲೆ ರೋಗ ಯಾವಾಗ ಶುರುವಾಯಿತೆಂಬ ಪ್ರಶ್ನೆ. ಮುಂದೆ ಎಷ್ಟು ಬೇಗ ಬೆಳೆಯಬಹುದೆಂದು ಅಂದಾಜಿಸಲು ಅದು ಬೇಕು. ಸ್ನಾನ ಮಾಡದೆ ಅಡಿಗೆಮನೆಗೆ ಬಂದದ್ದು ಯಾವಾಗ, ಸೌಟು ನೆಕ್ಕಿದ್ದು ಯಾವಾಗ ಎಂದು ಮನೆಯವರನ್ನು ಕೇಳಿ ನಾನು ಸಾಲಾಗಿ ಬರೆದಿದ್ದೆ. ಸ್ನಾನ ತಪ್ಪಿದ್ದು ಹೆಂಡತಿಯ ಕೀಮೋ ನಡೆಯುತ್ತಿದ್ದ ತಿಂಗಳುಗಳಲ್ಲೇ. ಆಸ್ಪತ್ರೆಯ ಓಡಾಟದಲ್ಲಿ ಯಾರಿಗಾದರೂ ತಪ್ಪುತ್ತದೆ ಎಂದು ನಾನು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಇಟ್ಟಿದ್ದೆ. ತಜ್ಞರ ಪೆನ್ನು ಕೆಳಗಿಳಿಯಿತು. ಹೆಂಡತಿಯ ಹೇಳಿಕೆಯನ್ನು ನಾನು ಇದ್ದಂತೆ ಬರೆದಿದ್ದ ಸಾಲಿನ ಮೇಲೆ ನಿಂತಿತು.

"ಇಲ್ಲೇ ಇದೆಯಲ್ಲ!" ಎಂದರು, ಕಳೆದ ಬೀಗದ ಕೈ ಸಿಕ್ಕವರ ಖುಷಿಯಲ್ಲಿ. "ಎಂಜಲಿಗೆ ಕುಣಿಯುವ ಮನುಷ್ಯ ವಾಂತಿಯನ್ನು ಬರಿಗೈಯಲ್ಲಿ ಬಾಚಿದ್ದಾನೆ. ಮೂಗೂ ಮುರಿದಿಲ್ಲ. ಇದೇ ಮೊದಲ ಲಕ್ಷಣ. ಎಷ್ಟು ಸ್ಪಷ್ಟವಾಗಿದೆ." ಅದರ ಕೆಳಗೆ ಎರಡು ಗೆರೆ ಎಳೆದು ಪಕ್ಕದಲ್ಲಿ ಸರಿಗುರುತು ಹಾಕಿದರು.

ಇಷ್ಟು ವರ್ಷ ವಡೋದರಾದಲ್ಲಿದ್ದ ಆಕೆಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಬೆರಳಿಗೆ ಸುತ್ತಿದ್ದ ಸೆರಗು ಹಾಗೇ ನಿಂತಿತು.

"ಹಾಗಾದ್ರೆ ಅದೂ ರೋಗವಾ?" ಎಂದು ನನ್ನನ್ನು ಕೇಳಿದರು.

ಅಡಿಗೆಮನೆಯ ವಾಸನೆಗಿಂತ ಆ ಸರಿಗುರುತಿಗೆ ನನಗೆ ಹೆಚ್ಚು ಹೇಸಿಗೆಯಾಯಿತು. ತರ್ಕದಲ್ಲಿ ತಪ್ಪಿರಲಿಲ್ಲ, ಅದಕ್ಕೇ ಇನ್ನಷ್ಟು. ಮನೆಯಲ್ಲಿ ಸಿಕ್ಕಿದ ಒಂದೇ ಒಂದು ಒಳ್ಳೆಯದನ್ನೂ ನಾವು ಇಕ್ಕಳದಲ್ಲಿ ಹಿಡಿದು ಮಾದರಿಯ ಬಾಟಲಿಗೆ ಹಾಕಿದ್ದೆವು. ನನ್ನ ಕೈಯಲ್ಲಿದ್ದದ್ದು ಕ್ರಮ ಮಾತ್ರ. ಒಬ್ಬರ ಮಾತಿನ ಮೇಲೆ ಆರಂಭವನ್ನು ಬರೆಯಬಾರದು, ಇನ್ನೊಬ್ಬರನ್ನು ಕೇಳಬೇಕು.

"ಸರ್, ಎರಡನೆಯ ಸಾಕ್ಷಿ ಕೇಳಿಲ್ಲ," ಎಂದೆ. ತಮ್ಮನತ್ತ ತಿರುಗಿದೆ. "ನಳ್ಳಿಗೆ ಹೊಸತಲ್ಲ ಅಂದಿರಲ್ಲ ಆ ದಿನ. ಏನು ಅದು?"

ಅವನು ಅತ್ತಿಗೆಯನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದ. "ಹೇಳ್ಬಾರ್ದು ಅಂತ ಆಣೆ ಮಾಡಿಸಿದ್ದಾನೆ ಇವನು."

"ಹೇಳು ಮಾರಾಯ," ಎಂದರು ಅತ್ತಿಗೆ.

"ಅತ್ತಿಗೆ, ನಿಮ್ಮ ಕೀಮೋ ಹೊತ್ತಲ್ಲಿ ನಾನು ವಾರಕ್ಕೊಮ್ಮೆ ಬರ್ತಿದ್ದೆ ಅಲ್ವಾ. ಇವನು ನಿಮ್ಮ ಬೇಸಿನ್ ತಗೊಂಡು ಹಿಂದೆ ಬಂದು ಚೆಲ್ತಿದ್ದ. ಚೆಲ್ಲಿ ಅಲ್ಲೇ ಕೂತು ಇವನೂ ವಾಂತಿ ಮಾಡ್ತಿದ್ದ. ಕರುಳು ಹೊರಗೆ ಬಂದ ಹಾಗೆ. ನಾನೇ ನೀರು ಹೊಯ್ದಿದ್ದೇನೆ. ಬಾಯಿ ತೊಳ್ಕೊಂಡು, ಕಣ್ಣು ಒರ್ಸ್ಕೊಂಡು, ಒಂದು ಏಲಕ್ಕಿ ಜಗಿದು ಒಳಗೆ ಬರ್ತಿದ್ದ."

"ಸುಳ್ಳು," ಎಂದರು ಆಕೆ. "ನನ್ಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದ್ದೀ ನೀನು."

"ನಾನು ಯಾವಾಗ ನಿಮ್ಗೆ ಸಮಾಧಾನ ಮಾಡಿದ್ದೇನೆ ಅತ್ತಿಗೆ?"

ಅದು ನಿಜವಿರಬೇಕು. ಆಕೆ ಗಂಡನತ್ತ ತಿರುಗಿದರು. ನಾನು ರಾಯರನ್ನು ಕೇಳಿದೆ. ಅವರ ನೆನಪಿಗೆ ನಾನೇ ಪೂರ್ತಿ ಅಂಕ ಕೊಟ್ಟಿದ್ದೆ, ಆ ವಿಷಯ ಅವರನ್ನೇ ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ರಾಯರೇ, ನಿಮ್ಮ ತಮ್ಮ ಹೇಳಿದ್ದು ಹೌದಾ?"

"ಹೌದು," ಎಂದರು ರಾಯರು, ಕಡಲೆಯ ಸಿಪ್ಪೆ ಊದುತ್ತ. "ಏಲಕ್ಕಿ ಅಲ್ಲ, ಲವಂಗ."

ಆಕೆ ಕುರ್ಚಿಯನ್ನು ಅವರತ್ತ ಎಳೆದುಕೊಂಡರು. "ವಾಂತಿ ಮಾಡ್ತಿದ್ರಾ? ನೀವು?"

"ಹೌದು."

"ಒಂದು ಸಲವಾ?"

"ಪ್ರತಿ ಸಲ." ಹದಿನೈದು ಪದಗಳನ್ನು ಒಪ್ಪಿಸಿದ ಅದೇ ಧ್ವನಿ. "ಯಾಕೆ ಅಂತ ಈಗ ಗೊತ್ತಾಗುದಿಲ್ಲ. ನೀರಲ್ವಾ ಅದು."

"ನನ್ಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಬೇಜಾರಾಗ್ತದೆ ಅಂತ ಆಗ ಅನ್ಸಿತ್ತು."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ನೀರಿನ ಲೋಟ ಎತ್ತಿದೆ, ಆದರೆ ಆಕೆ ನಗುತ್ತಿದ್ದರು. "ಪ್ರತಿ ಸಲವಂತೆ," ಎಂದು ಮೈದುನನಿಗೆ ಹೇಳಿದರು, ಅವನಿಗದು ಗೊತ್ತೇ ಇಲ್ಲವೆಂಬಂತೆ.

ತಜ್ಞರಿಗೆ ಅಷ್ಟನ್ನೂ ಹಿಂದಿಗೆ ತಿರುಗಿಸಿ ಹೇಳಿದೆ. ಅವರು ತಮ್ಮ ಸರಿಗುರುತನ್ನು ತಾವೇ ಹೊಡೆದುಹಾಕಿ, ಹಾಳೆಯನ್ನು ನನ್ನತ್ತ ದೂಡಿದರು. ಆರಂಭದ ಕಾಲಂನಲ್ಲಿ ಬರೆದೆ: ಪತ್ನಿಯ ಚಿಕಿತ್ಸೆಯ ಅವಧಿಯಲ್ಲಿ ರೋಗಿಯ ಹೇಸಿಗೆ ಸಹಜವಾಗಿತ್ತು. ಲಕ್ಷಣಗಳು ಅದರ ನಂತರದವು. ಆಧಾರ, ತಮ್ಮನ ಹೇಳಿಕೆ ಮತ್ತು ರೋಗಿಯ ಸ್ವಂತ ನೆನಪು.

"ಎಂತ ಬರೆದ್ರಿ? ಕನ್ನಡದಲ್ಲಿ ಓದಿ," ಎಂದರು ಆಕೆ. ಓದಿದೆ. ಇನ್ನೊಮ್ಮೆ ಓದಿ ಎಂದರು.

ನಾನು ಎರಡನೆಯ ಸಲ ಓದುತ್ತಿದ್ದಾಗ ರಾಯರ ಪೊಟ್ಟಣದಿಂದ ಕಡಲೆಯೊಂದು ಜಾರಿ ಕುರ್ಚಿಯಡಿ ಉರುಳಿತು. ಅಲ್ಲಿ ಯಾರದೋ ಬ್ಯಾಂಡೇಜಿನ ಹತ್ತಿಯುಂಡೆ, ಕಂದು ಕಲೆಯದ್ದು, ಬಿದ್ದಿತ್ತು. ರಾಯರು ಬಗ್ಗಿ ತಡಕಿ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ಆಕೆ ಅವರ ಗಲ್ಲ ಹಿಡಿದು, ಎರಡು ಬೆರಳು ಬಾಯೊಳಗೆ ಹಾಕಿ, ಒದ್ದೆ ಹತ್ತಿಯನ್ನು ಎಳೆದು ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡರು. ಮೂಗು ಸುಕ್ಕುಗಟ್ಟಿತ್ತು, ಮೇಲ್ದುಟಿ ಎದ್ದಿತ್ತು, ಕಣ್ಣು ಕಿರಿದಾಗಿತ್ತು. ರಾಯರು ಆ ಮುಖವನ್ನೇ ಕುತೂಹಲದಿಂದ ನೋಡುತ್ತಿದ್ದರು.